ಹೊಲದಲ್ಲಿ ಬಿದ್ದಿದ್ದ ಹಳೇ ದೋಣಿ ರಿಪೇರಿ ಮಾಡಿ ಜಗತ್ತು ಸುತ್ತಿದ ಕ್ಯಾಪ್ಟನ್ ಸ್ಲೋಕಂ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಫೇರ್‌ಹೇವನ್ ಅಂತ ಸಮುದ್ರದಂಚಿನ ಒಂದು ಊರು. ಅಲ್ಲಿನ ಒಂದು ಹೊಲದಲ್ಲಿ, ನೀರಿನಿಂದ ಸ್ವಲ್ಪ ದೂರದಲ್ಲಿ, ಒಂದು ಹಳೇ ಹಾಯಿದೋಣಿ ಏಳು ವರ್ಷದಿಂದ ಹಾಗೇ ನಿಂತಿತ್ತು. ಬೀಳದ ಹಾಗೆ ಪಕ್ಕಕ್ಕೆ ಮರದ ಆಸರೆ, ಮೇಲೆ ಒಂದು ತಾಡಪಾಲು. ಹಿಂದೆ ಸಿಂಪಿ ಹಿಡಿಯೋಕೆ ಬಳಸುತ್ತಿದ್ದ ಈ ದೋಣಿಗೆ ನೂರು ವರ್ಷ ಆಗಿದೆ ಅಂತ ಊರವರು ಹೇಳುತ್ತಿದ್ದರು. ಹೆಸರು ಸ್ಪ್ರೇ. ಮುಂದೊಂದು ದಿನ ಯಾರಾದರೂ ಒಡೆದು ಸೌದೆ ಮಾಡುತ್ತಾರೆ ಅನ್ನೋದೇ ಎಲ್ಲರ ಲೆಕ್ಕ.

1892ರ ಚಳಿಗಾಲದಲ್ಲಿ ಆ ದೋಣಿಯ ಮುಂದೆ ಬಂದು ನಿಂತವನು ಜೋಶುವಾ ಸ್ಲೋಕಂ. ವಯಸ್ಸು ಐವತ್ತರ ಹತ್ತಿರ. ಒಂದು ಕಾಲದಲ್ಲಿ 233 ಅಡಿ ಉದ್ದದ ದೊಡ್ಡ ಹಡಗಿನ ಕ್ಯಾಪ್ಟನ್ ಆಗಿದ್ದವನು. ಆದರೆ ಅವತ್ತು ಕೈಯಲ್ಲಿ ಹಡಗಿಲ್ಲ, ಕೆಲಸ ಇಲ್ಲ, ಗಂಟೂ ಇಲ್ಲ. ಮೊದಲ ಹೆಂಡತಿ ತೀರಿಹೋಗಿ ಎಂಟು ವರ್ಷ ಆಗಿತ್ತು. ಆರು ವರ್ಷದ ನಂತರ, 1898ರಲ್ಲಿ, ಇದೇ ಮನುಷ್ಯ ಇದೇ ದೋಣಿಯಲ್ಲಿ ಒಬ್ಬನೇ ಇಡೀ ಭೂಮಿ ಸುತ್ತಿ ವಾಪಸ್ ಬಂದ. ಒಂಟಿಯಾಗಿ ಹಾಯಿದೋಣಿಯಲ್ಲಿ ಜಗತ್ತು ಸುತ್ತಿದ ಮೊದಲ ಮನುಷ್ಯ ಅಂತ ಇತಿಹಾಸದಲ್ಲಿ ಹೆಸರು ಮಾಡಿದ. ಆ ಯಾತ್ರೆಯ ಕಥೆ ಬಹಳ ಜನಕ್ಕೆ ಗೊತ್ತು. ಅದರ ಹಿಂದಿರೋ 13 ತಿಂಗಳ ರಿಪೇರಿ ಕೆಲಸದ ಕಥೆ ಅಷ್ಟಾಗಿ ಗೊತ್ತಿಲ್ಲ. ಅಸಲಿ ವಿಷಯ ಇರೋದು ಅಲ್ಲೇ.

ಬೂಟು ಹೊಲಿಯುವ ಮನೆಯ ಹುಡುಗ

ಸ್ಲೋಕಂ ಹುಟ್ಟಿದ್ದು 1844ರ ಫೆಬ್ರವರಿ 20ರಂದು, ಕೆನಡಾದ ನೋವಾ ಸ್ಕೋಷಿಯಾದಲ್ಲಿ. ಹನ್ನೊಂದು ಮಕ್ಕಳಲ್ಲಿ ಐದನೆಯವನು. ಹುಡುಗನಿಗೆ ಎಂಟು ವರ್ಷ ಇರುವಾಗ ಮನೆಯವರು ಬ್ರಯರ್ ದ್ವೀಪದ ವೆಸ್ಟ್‌ಪೋರ್ಟ್‌ಗೆ ಬಂದರು. ತಾಯಿಯ ತಂದೆ ಅಲ್ಲಿ ದೀಪಸ್ತಂಭ ಕಾಯುತ್ತಿದ್ದವರು. ಅಪ್ಪ ಮೀನುಗಾರರಿಗೆ ಚರ್ಮದ ಬೂಟು ಹೊಲಿದುಕೊಡುತ್ತಿದ್ದ. ಹುಡುಗನನ್ನೂ ಅದೇ ಅಂಗಡಿಯಲ್ಲಿ ಕೂರಿಸಿದ. ಹುಡುಗನ ಮನಸ್ಸು ಮಾತ್ರ ಚರ್ಮದ ಮೇಲೆ ಇರ್ಲಿಲ್ಲ, ಸಮುದ್ರದ ಮೇಲಿತ್ತು. ನೆಲಮಾಳಿಗೆಯಲ್ಲಿ ಕದ್ದು ಕೂತು ಒಂದು ಪುಟ್ಟ ಹಡಗಿನ ಮಾದರಿ ಮಾಡುತ್ತಿದ್ದಾಗ ಅಪ್ಪನ ಕೈಗೆ ಸಿಕ್ಕಿಬಿದ್ದ. ಅಪ್ಪ ಅದನ್ನ ಒಡೆದು ಹಾಕಿದ.

14ನೇ ವಯಸ್ಸಿಗೆ ಮನೆ ಬಿಟ್ಟು ಓಡಿಹೋಗಿ ಒಂದು ಮೀನುಗಾರಿಕೆ ದೋಣಿಯಲ್ಲಿ ಅಡುಗೆಯವನಾಗಿ ಸೇರಿಕೊಂಡ. ಅಡುಗೆ ಬಾಯಿಗೆ ಇಡುವ ಹಾಗಿರಲಿಲ್ಲ, ಅಲ್ಲಿಂದ ಬೇಗನೇ ಹೊರಗೆ ಬಿದ್ದ. 1860ರಲ್ಲಿ ತಾಯಿ ತೀರಿಕೊಂಡ ಮೇಲೆ ಮನೆಯ ನಂಟು ಪೂರ್ತಿ ಕಡಿಯಿತು. ಹಡಗು ಹತ್ತಿ ಯುರೋಪಿಗೆ ಹೋದ. ಹಗಲು ಹಡಗಿನ ಕೆಲಸ, ಬಿಡುವಿನಲ್ಲಿ ನೌಕಾಯಾನದ ಓದು. 18 ವರ್ಷ ತುಂಬುವಷ್ಟರಲ್ಲಿ ಪರೀಕ್ಷೆ ಪಾಸಾಗಿ ಎರಡನೇ ಮೇಟ್ ಆದ. ಮುಂದೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲೆ ನಿಂತು ಆ ದೇಶದ ಪ್ರಜೆಯಾದ. 1869ರಲ್ಲಿ ಮೊದಲ ಬಾರಿಗೆ ಹಡಗಿನ ಕ್ಯಾಪ್ಟನ್ ಸ್ಥಾನ ಸಿಕ್ತು.

1871ರ ಜನವರಿಯಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವರ್ಜೀನಿಯಾ ವಾಕರ್ ಜೊತೆ ಮದುವೆ. ಆಕೆಯೂ ಗಂಡನ ಜೊತೆ ಸಮುದ್ರದಲ್ಲೇ ಸಂಸಾರ ಹೂಡಿದಳು. ಮಕ್ಕಳು ಹುಟ್ಟಿದ್ದೂ ಹಡಗಿನಲ್ಲಿ, ಪರದೇಶದ ಬಂದರುಗಳಲ್ಲಿ. ಏಳು ಮಕ್ಕಳಲ್ಲಿ ಉಳಿದದ್ದು ನಾಲ್ಕು. ಅಲಾಸ್ಕಾದಲ್ಲಿ ಸಾಲ್ಮನ್ ಮೀನು ಹಿಡಿಯೋಕೆ ಹೋದಾಗ ಹಡಗು ದಡಕ್ಕೆ ಬಡಿದು ಹಾಳಾಯಿತು. ಸ್ಲೋಕಂ ಅಲ್ಲೇ ದೋಣಿ ಕಟ್ಟಿ ಕೆಲಸಗಾರರನ್ನೂ ಹಿಡಿದ ಮೀನನ್ನೂ ಉಳಿಸಿ ತಂದ. ಫಿಲಿಪ್ಪೀನ್ಸ್‌ನಲ್ಲಿ ಒಬ್ಬರಿಗೆ ಸ್ಟೀಮರ್ ಕಟ್ಟಿಕೊಟ್ಟು ಅದರ ಬಾಬ್ತಿನಲ್ಲಿ ಪಾಟೋ ಅನ್ನೋ ಸಣ್ಣ ಹಡಗು ಪಡೆದ. ಅಂದ್ರೆ ಹಡಗು ಓಡಿಸೋದು ಮಾತ್ರ ಅಲ್ಲ, ಕೊಡಲಿ, ಬಾಚಿ ಹಿಡಿದು ಕಟ್ಟೋದೂ ಆತನಿಗೆ ಕೈಬಂದ ಕಸುಬು.

ಒಂದರ ಹಿಂದೆ ಒಂದು ಪೆಟ್ಟು

1881ರಲ್ಲಿ ನಾರ್ದರ್ನ್ ಲೈಟ್ ಅನ್ನೋ ದೊಡ್ಡ ಹಡಗಿನಲ್ಲಿ ಪಾಲು ಸಿಕ್ತು, ಕ್ಯಾಪ್ಟನ್ ಹುದ್ದೆಯೂ ಸಿಕ್ತು. ಆತನ ಬದುಕಿನ ಎತ್ತರದ ದಿನಗಳು ಅವು. ಆದರೆ ಇಳಿಜಾರು ಶುರುವಾಗಿದ್ದೂ ಅದೇ ಹಡಗಿನಿಂದ. ಹಡಗಿನಲ್ಲಿ ದಂಗೆ ಎದ್ದಿತು. ಒಬ್ಬ ಅಧಿಕಾರಿಯನ್ನ ಬಹಳ ದಿನ ಸರಪಳಿ ಹಾಕಿ ಕೂಡಿಟ್ಟಿದ್ದಕ್ಕೆ ನ್ಯೂಯಾರ್ಕಿನಲ್ಲಿ ಕೇಸಾಗಿ 500 ಡಾಲರ್ ದಂಡ ಬಿತ್ತು. ಸ್ಲೋಕಂ ಕೈ ಬಿಗಿ, ಮಾತು ಕಟು. ಒಳ್ಳೇ ಕ್ಯಾಪ್ಟನ್ ಅಂತ ಹೊಗಳಿದವರಷ್ಟೇ ಕೆಲಸಗಾರರ ಮೇಲೆ ಕಠಿಣ ಅಂತ ದೂರಿದವರೂ ಇದ್ದರು.

ಆಮೇಲೆ ತಗೊಂಡಿದ್ದು ಅಕ್ವಿಡ್ನೆಕ್ ಅನ್ನೋ ಸಣ್ಣ ಹಡಗು. 1884ರ ಜುಲೈ 25ರಂದು ಬ್ಯೂನಸ್ ಐರಿಸ್ ಬಂದರಿನಲ್ಲಿ ಆ ಹಡಗಿನಲ್ಲೇ ವರ್ಜೀನಿಯಾ ಕಾಯಿಲೆಯಿಂದ ತೀರಿಕೊಂಡಳು. ವಯಸ್ಸು ಬರೀ 34. ಆಕೆ ಹೋದ ಮೇಲೆ ಆತ ಚುಕ್ಕಾಣಿ ಮುರಿದ ಹಡಗಿನ ಹಾಗೆ ಆಗಿಬಿಟ್ಟ ಅಂತ ಮಕ್ಕಳು ನೆನೆಯುತ್ತಿದ್ದರು. 1886ರಲ್ಲಿ ಸಂಬಂಧಿಕರಲ್ಲೇ ಹೆಟ್ಟಿ ಎಲಿಯಟ್ ಅನ್ನೋ 24ರ ಹುಡುಗಿಯನ್ನ ಮದುವೆಯಾದ. ಅದೇ ಹಡಗಿನಲ್ಲಿ ಬ್ರೆಜಿಲ್ ಕಡೆ ವ್ಯಾಪಾರ ಮುಂದುವರೀತು. ಹಡಗಿನಲ್ಲಿ ಸಿಡುಬು ಬಂತು, ಜನ ಸತ್ತರು, ಜಗಳ ಆಯ್ತು. 1887ರ ಡಿಸೆಂಬರ್‌ನಲ್ಲಿ ಪರನಾಗುವಾ ಕೊಲ್ಲಿಯ ಮರಳದಿಬ್ಬದ ಮೇಲೆ ಅಕ್ವಿಡ್ನೆಕ್ ಕೂತುಬಿಡ್ತು. ಅಲೆ ಬಡಿದು ಬೆನ್ನು ಮುರೀತು. ಹಡಗಿಗೆ ಇನ್ಶೂರೆನ್ಸ್ ಇರ್ಲಿಲ್ಲ. ಜೀವಮಾನದ ಗಳಿಕೆ ನೀರಿನ ಪಾಲು.

ಬೇರೆಯವರಾದರೆ ಸರ್ಕಾರದ ಟಿಕೆಟ್ಟಿನಲ್ಲಿ ಊರಿಗೆ ಹೋಗ್ತಿದ್ದರೇನೋ. ಸ್ಲೋಕಂ ಮುರಿದ ಹಡಗಿನಿಂದ ಸಿಕ್ಕ ಸಾಮಾನು, ಅಲ್ಲೇ ಕಾಡಿನಲ್ಲಿ ಕಡಿದ ಮರ ಸೇರಿಸಿ 35 ಅಡಿಯ ದೋಣಿ ಕಟ್ಟಿದ. 1888ರ ಮೇ 13ರಂದು ಅದನ್ನ ನೀರಿಗಿಳಿಸಿದ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾಗಿದ್ದೂ ಅದೇ ದಿನ. ಹಾಗಾಗಿ ದೋಣಿಗೆ ಸ್ವಾತಂತ್ರ್ಯ ಅನ್ನೋ ಅರ್ಥದ ಪೋರ್ಚುಗೀಸ್ ಹೆಸರಿಟ್ಟ. ಹೆಂಡತಿ, ಇಬ್ಬರು ಗಂಡುಮಕ್ಕಳನ್ನ ಕೂರಿಸಿಕೊಂಡು 5,000 ಮೈಲಿಗೂ ಹೆಚ್ಚು ದೂರ ಸಾಗಿ ಅಮೆರಿಕ ತಲುಪಿದ. ಹೆಟ್ಟಿಗೆ ಅಷ್ಟಕ್ಕೇ ಸಮುದ್ರ ಸಾಕಾಯ್ತು. ಮುಂದೆ ಆಕೆ ಗಂಡನ ಜೊತೆ ದೂರದ ಯಾತ್ರೆಗೆ ಹೊರಡಲಿಲ್ಲ.

ಆಗ ಹಾಯಿಹಡಗಿನ ಕಾಲವೇ ಮುಗೀತಾ ಬಂದಿತ್ತು. ಎಲ್ಲೆಲ್ಲೂ ಸ್ಟೀಮರ್. ಒಳ್ಳೊಳ್ಳೇ ಹಾಯಿಹಡಗುಗಳ ಕಂಬ ಕಿತ್ತು ಕಲ್ಲಿದ್ದಲು ಸಾಗಿಸೋ ತೆಪ್ಪ ಮಾಡುತ್ತಿದ್ದರು. ಹಳೇ ಕ್ಯಾಪ್ಟನ್‌ಗಳನ್ನ ಕೇಳುವವರು ಇಲ್ಲ. ಬೋಸ್ಟನ್ನಿನ ಹಡಗುಕಟ್ಟೆಯಲ್ಲಿ ಕೂಲಿ ಮಾಡೋಣ ಅಂದ್ರೆ ಅಲ್ಲಿನ ಸಂಘಕ್ಕೆ ಮೊದಲು 50 ಡಾಲರ್ ಕಟ್ಟಬೇಕಿತ್ತು.

ಪುಕ್ಕಟೆ ಸಿಕ್ಕ ಹಡಗು

ಆ ಹೊತ್ತಿಗೆ ಸಿಕ್ಕಿದವನು ಎಬೆನ್ ಪಿಯರ್ಸ್, ತಿಮಿಂಗಿಲ ಬೇಟೆಯ ಹಡಗಿನ ನಿವೃತ್ತ ಕ್ಯಾಪ್ಟನ್. ಫೇರ್‌ಹೇವನ್‌ಗೆ ಬಾ, ಒಂದು ಹಡಗು ಕೊಡ್ತೀನಿ, ಆದರೆ ಸ್ವಲ್ಪ ರಿಪೇರಿ ಬೇಕು ಅಂದ. ಮರುದಿನ ಹೋಗಿ ನೋಡಿದರೆ ಕಂಡಿದ್ದು ಹೊಲದಲ್ಲಿದ್ದ ಆ ಸ್ಪ್ರೇ. ಪಿಯರ್ಸ್ ಮಾಡಿದ್ದು ಅರ್ಧ ತಮಾಷೆ. ಸ್ಲೋಕಂ ಮಾತ್ರ ತಮಾಷೆ ಅಂದುಕೊಳ್ಳಲಿಲ್ಲ.

ದೋಣಿ ಒಡೆಯೋಕೆ ಬಂದಿದ್ದಾನೆ ಅಂತ ಅಕ್ಕಪಕ್ಕದವರು ತಿಳಿದರು. ಒಡೆಯೋಕಲ್ಲ, ಮತ್ತೆ ಕಟ್ಟೋಕೆ ಅಂದಾಗ ಎಲ್ಲರಿಗೂ ಆಶ್ಚರ್ಯ. ಗಿಟ್ಟುತ್ತಾ ಅನ್ನೋದು ಊರಿನವರ ಪ್ರಶ್ನೆ. ವರ್ಷ ಪೂರ್ತಿ ಅದೇ ಪ್ರಶ್ನೆ ಕೇಳಿಸಿಕೊಂಡ, ಗಿಟ್ಟಿಸಿಯೇ ಗಿಟ್ಟಿಸ್ತೀನಿ ಅಂತ ಅದೇ ಉತ್ತರ ಕೊಟ್ಟ.

ಇಲ್ಲಿ ಕೀಲ್ ಬಗ್ಗೆ ಒಂದು ಮಾತು ಹೇಳಬೇಕು. ದೋಣಿಯ ಹೊಟ್ಟೆಯ ಕೆಳಗೆ, ಮೂತಿಯಿಂದ ಹಿಂಬದಿವರೆಗೆ ಬರೋ ಅಡಿಮರಕ್ಕೆ ಕೀಲ್ ಅಂತಾರೆ. ಮನುಷ್ಯನಿಗೆ ಬೆನ್ನುಮೂಳೆ ಇದ್ದ ಹಾಗೆ. ಇವತ್ತಿನ ರೇಸ್ ದೋಣಿಗಳಲ್ಲಿ ಅದು ನಡುವೆ ಮಾತ್ರ, ಮೀನಿನ ರೆಕ್ಕೆ ಥರ ಕೆಳಗೆ ಚಾಚಿರುತ್ತೆ. ಅಂಥ ದೋಣಿ ವೇಗ ಜಾಸ್ತಿ, ತಿರುಗೋದೂ ಚುರುಕು. ಹಳೇ ದೋಣಿಗಳಲ್ಲಿ ಕೀಲ್ ಉದ್ದಕ್ಕೂ ಇರುತ್ತೆ. ತಿರುಗಿಸೋದು ನಿಧಾನ, ಓಟವೂ ಸ್ವಲ್ಪ ಕಮ್ಮಿ. ಆದರೆ ಒಮ್ಮೆ ದಿಕ್ಕು ಹಿಡಿದರೆ ನೇರ ಹೋಗುತ್ತೆ, ನೆಲಕ್ಕೆ ತಾಗಿದರೂ ತಡೆಯುತ್ತೆ, ಚುಕ್ಕಾಣಿಗೂ ಹಿಂದೆ ಭದ್ರವಾದ ಆಸರೆ ಇರುತ್ತೆ. ಗೋಲ್ಡನ್ ಗ್ಲೋಬ್ ಅನ್ನೋ ಒಂಟಿ ವಿಶ್ವಪರ್ಯಟನೆ ಸ್ಪರ್ಧೆಯಲ್ಲಿ ಇವತ್ತಿಗೂ ಉದ್ದ ಕೀಲಿನ, ಹಳೇ ವಿನ್ಯಾಸದ ದೋಣಿಗೆ ಮಾತ್ರ ಅವಕಾಶ. ಭಾರತೀಯ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟೋಮಿ 2023ರಲ್ಲಿ ಅದರಲ್ಲಿ ಎರಡನೇ ಸ್ಥಾನ ಪಡೆದಿದ್ದು ಅಂಥ ದೋಣಿಯಲ್ಲೇ.

13 ತಿಂಗಳು, 553 ಡಾಲರ್ 62 ಸೆಂಟ್

ಸ್ಲೋಕಂ ಕೆಲಸ ಶುರು ಮಾಡಿದ್ದು ಬೆನ್ನುಮೂಳೆಯಿಂದ. ಹತ್ತಿರದಲ್ಲೇ ಒಂದು ಗಟ್ಟಿ ಓಕ್ ಮರ ಕಡಿದ. ಹೊಲದ ಬಯಲಿನಲ್ಲಿ ಗಾಳಿ ಮಳೆಗೆ ಮೈಯೊಡ್ಡಿ ಒಂಟಿಯಾಗಿ ಬೆಳೆದ ಓಕ್ ಕಾಡಿನ ಮರಕ್ಕಿಂತ ಗಟ್ಟಿ ಅನ್ನೋದು ಅಲ್ಲಿನ ಬಡಗಿಗಳ ಅನುಭವ. ಒಬ್ಬ ರೈತ ಸ್ವಲ್ಪ ಕಾಸು ತಗೊಂಡು ಆ ಮರವನ್ನೂ ಉಳಿದ ಮರಮುಟ್ಟನ್ನೂ ಎಳೆದು ತಂದು ಹಾಕಿದ. ಅದರಲ್ಲಿ ಹೊಸ ಕೀಲ್ ಆಯ್ತು, ಮೂತಿಯ ಮರ ಆಯ್ತು.

ಆಮೇಲೆ ಪಕ್ಕೆಲುಬು. ನೇರ ಎಳೇ ಮರಗಳನ್ನ ಕೆತ್ತಿ, ಆವಿಪೆಟ್ಟಿಗೆಯಲ್ಲಿಟ್ಟು, ಮೆತ್ತಗಾದ ಮೇಲೆ ಒಂದು ದಿಮ್ಮಿಯ ಮೇಲೆ ಬಗ್ಗಿಸಿ ಕಟ್ಟಿ ಆರೋಕೆ ಬಿಡುತ್ತಿದ್ದ. ಆವಿ ಮಾಡೋಕೆ ದೊಡ್ಡ ಬಾಯ್ಲರ್ ಇಲ್ಲ, ಒಂದು ಪಾತ್ರೆಯೇ ಬಾಯ್ಲರ್. ಪಕ್ಕೆಲುಬಿನ ಮೇಲೆ ಒಂದೂವರೆ ಇಂಚು ದಪ್ಪದ ಜಾರ್ಜಿಯಾ ಪೈನ್ ಹಲಗೆ ಹೊಡೆದ. ಮುಖ್ಯ ಜಾಗಗಳಲ್ಲೆಲ್ಲ ಬರೀ ಮೊಳೆ ಅಲ್ಲ, ನಟ್ ಬಿಗಿದ ಬೋಲ್ಟು. ಒಟ್ಟು ಸಾವಿರದಷ್ಟು. ಹಲಗೆಯ ಸಂದಿಗೆ ಮೊದಲು ಹತ್ತಿ, ಅದರ ಮೇಲೆ ಎಣ್ಣೆ ನಾರು ತುರುಕಿ ಬಡಿದ. ತಳಕ್ಕೆ ತಾಮ್ರದ ಬಣ್ಣ, ಮೇಲೆ ಬಿಳಿ ಬಣ್ಣ. ನ್ಯೂ ಹ್ಯಾಂಪ್‌ಶೈರ್‌ನ ಸ್ಪ್ರೂಸ್ ಮರದ ಹೊಸ ಹಾಯಿಕಂಬ ನಿಲ್ಲಿಸಿದ.

ಹಳೇದನ್ನ ಇದ್ದ ಹಾಗೇ ಕಟ್ಟಿದ್ದಲ್ಲ, ಬೇಕಾದ ಕಡೆ ಸುಧಾರಣೆಯನ್ನೂ ಮಾಡಿದ. ಸಿಂಪಿ ದೋಣಿ ಅಂದ್ರೆ ತೀರದ ಹತ್ತಿರದ ಕೆಲಸದ್ದು, ಅಂಚು ಗಿಡ್ಡ. ನಡುಸಮುದ್ರದ ಅಲೆಗೆ ಅದು ಸಾಲದು. ಹಾಗಾಗಿ ನಡುವೆ ಒಂದು ಅಡಿ, ಮುಂದೆ 18 ಇಂಚು, ಹಿಂದೆ 14 ಇಂಚು ಎತ್ತರಿಸಿದ. ಹಿಂದೆ ಮಲಗೋಕೆ ಒಂದು ಕೋಣೆ, ಮುಂದೆ ಅಡುಗೆಗೆ ಒಂದು ಕೋಣೆ, ನಡುವೆ ಸಾಮಾನಿಗೆ ಜಾಗ. ಭಾರಕ್ಕೆ ತಳದಲ್ಲಿ ಸಿಮೆಂಟು. ಕೆಲಸ ಮುಗಿದಾಗ ಉದ್ದ 36 ಅಡಿ 9 ಇಂಚು, ಅಗಲ 14 ಅಡಿ 2 ಇಂಚು.

ತಿಮಿಂಗಿಲ ಬೇಟೆಯ ಹಳೇ ಕ್ಯಾಪ್ಟನ್‌ಗಳೆಲ್ಲ ದಿನಾ ಬಂದು ಕೂತು ಕೆಲಸ ನೋಡುತ್ತಾ ಹರಟೆ ಹೊಡೆಯುತ್ತಿದ್ದರು. ಮೂತಿಯ ಮರ ನೋಡಿದ ಒಬ್ಬಾತ ಇದು ಮಂಜುಗಡ್ಡೆಯನ್ನೂ ಒಡೆದು ಹೋಗುತ್ತೆ ಅಂದ. ದುಡ್ಡು ಮುಗಿದಾಗ ಸ್ಲೋಕಂ ಬಂದರಿನಲ್ಲಿದ್ದ ಬೇರೆ ಹಡಗುಗಳ ಕೆಲಸಕ್ಕೆ ಹೋಗಿ ನಾಲ್ಕು ಕಾಸು ದುಡಿದು ತರುತ್ತಿದ್ದ. 13 ತಿಂಗಳಲ್ಲಿ ಸಾಮಾನಿಗೆ ಖರ್ಚಾಗಿದ್ದು 553 ಡಾಲರ್ 62 ಸೆಂಟ್. ಕೊನೇ ಸೆಂಟಿನವರೆಗೂ ಲೆಕ್ಕ ಇಟ್ಟಿದ್ದ. ತನ್ನ ಕೂಲಿ ಮಾತ್ರ ಲೆಕ್ಕಕ್ಕೆ ಸೇರಿಸಲಿಲ್ಲ.

ಕೊನೆಗೆ ನೋಡಿದರೆ ಹಳೇ ಸ್ಪ್ರೇಯ ಮರ ಅಂತ ಉಳಿದದ್ದೇ ಕಮ್ಮಿ. ಹಾಗಾದ್ರೆ ಇದು ಹಳೇ ದೋಣಿಯೋ, ಹೊಸ ದೋಣಿಯೋ ಅನ್ನೋ ಚರ್ಚೆ ಎದ್ದಿತು. ಹಡಗುಗಳನ್ನ ದಾಖಲಿಸುವ ಲಾಯ್ಡ್ಸ್ ಸಂಸ್ಥೆಯ ಕ್ರಮದ ಪ್ರಕಾರ ಒಂದೊಂದೇ ಭಾಗ ಬದಲಿಸುತ್ತಾ ಪೂರ್ತಿ ಹೊಸದಾದರೂ ಅದು ಅದೇ ಹಡಗು ಅಂತ ಸ್ಲೋಕಂ ವಾದ. ಹಾಗಾಗಿ ಹೆಸರು ಬದಲಾಗಲಿಲ್ಲ.

ಮೀನು ಸಿಗಲಿಲ್ಲ, ಜಗತ್ತೇ ಸಿಕ್ತು

ದೋಣಿ ಸಿದ್ಧವಾದ ಮೇಲೆ ಒಂದು ಸೀಸನ್ ಮೀನು ಹಿಡಿಯೋಕೆ ಹೋದ. ಗಾಳಕ್ಕೆ ಎರೆ ಸಿಕ್ಕಿಸೋದೂ ತನಗೆ ಸರಿಯಾಗಿ ಬರಲ್ಲ ಅನ್ನೋದು ಗೊತ್ತಾಯ್ತು. ಆಗ ಹುಟ್ಟಿದ್ದೇ ಜಗತ್ತು ಸುತ್ತುವ ಯೋಚನೆ.

1895ರ ಏಪ್ರಿಲ್ 24ರಂದು ಬೋಸ್ಟನ್ ಬಿಟ್ಟ. ಗ್ಲೌಸೆಸ್ಟರ್ ಬಂದರಿನಲ್ಲಿ ಜೊತೆಗೆ ಒಂದು ಸಣ್ಣ ದೋಣಿ ಬೇಕಾಯ್ತು. ಸಿಕ್ಕ ಹಳೇ ದೋಣಿ ಉದ್ದ ಜಾಸ್ತಿ. ಅದನ್ನ ಅರ್ಧಕ್ಕೆ ಕೊಯ್ದು, ಕೊಯ್ದ ಕಡೆ ಹಲಗೆ ಹೊಡೆದು ಮುಚ್ಚಿದ. ಅದೇ ದಡಕ್ಕೆ ಹೋಗುವ ದೋಣಿ, ಅದೇ ಬಟ್ಟೆ ಒಗೆಯುವ ತೊಟ್ಟಿ. ಸಮುದ್ರದಲ್ಲಿ ದಿಕ್ಕು ದೆಸೆ ಲೆಕ್ಕ ಹಾಕೋಕೆ ಬೇಕಾದ ದುಬಾರಿ ಗಡಿಯಾರ ತನ್ನ ಹತ್ತಿರ ಇತ್ತು, ಆದರೆ ಅದರ ರಿಪೇರಿಗೆ 15 ಡಾಲರ್ ಕೇಳಿದರು. ಬೇಡ ಅಂತ ಮನೆಯಲ್ಲೇ ಬಿಟ್ಟ. ಯಾರ್ಮತ್ ಊರಿನ ಅಂಗಡಿಯಲ್ಲಿ ಒಂದೂವರೆ ಡಾಲರಿನ ತಗಡಿನ ಗಡಿಯಾರ ನೋಡಿದ. ಅದರ ಮುಖ ಒಡೆದಿತ್ತು, ಅಂಗಡಿಯವನು ಒಂದು ಡಾಲರಿಗೇ ಕೊಟ್ಟ. ಜಗತ್ತು ಸುತ್ತಿದ್ದು ಆ ಗಡಿಯಾರ ನೋಡಿಕೊಂಡೇ.

1895ರ ಜುಲೈ 2ರಂದು ಯಾರ್ಮತ್ ಬಿಟ್ಟು ಅಟ್ಲಾಂಟಿಕ್‌ಗೆ ಇಳಿದ. ಮೊದಲು ಮೆಡಿಟರೇನಿಯನ್ ಮೂಲಕ ಪೂರ್ವಕ್ಕೆ ಹೋಗೋ ಲೆಕ್ಕ ಇತ್ತು. ಕಡಲ್ಗಳ್ಳರ ಭಯ ಇದೆ ಅಂತ ಜಿಬ್ರಾಲ್ಟರ್‌ನ ಬ್ರಿಟಿಷ್ ಅಧಿಕಾರಿಗಳು ಎಚ್ಚರಿಸಿದ್ದರಿಂದ ಅಲ್ಲಿಂದ ತಿರುಗಿಸಿ ಮತ್ತೆ ಅಟ್ಲಾಂಟಿಕ್ ದಾಟಿ ದಕ್ಷಿಣ ಅಮೆರಿಕದ ಕಡೆ ಹೊರಟ.

ಉರುಗ್ವೆ ತೀರದಲ್ಲಿ ಸ್ಪ್ರೇ ಮರಳಿಗೆ ಹತ್ತಿಬಿಡ್ತು. ಲಂಗರನ್ನ ಆ ಅರ್ಧ ದೋಣಿಯಲ್ಲಿಟ್ಟು ದೂರ ಒಯ್ಯುವಾಗ ಅದು ಮಗುಚಿತು. ಸ್ಲೋಕಂಗೆ ಈಜು ಬರ್ತಿರಲಿಲ್ಲ. ದೋಣಿಯ ಅಂಚು ಹಿಡಿದು ಹೇಗೋ ಬದುಕಿಕೊಂಡ. ಕೀಲಿನ ಕೆಳಗೆ ಕಾವಲಿಗೆ ಹೊಡೆದಿದ್ದ ಮರ ಕಿತ್ತುಹೋಯ್ತು, ಕೀಲ್ ಮಾತ್ರ ಗಟ್ಟಿಯಾಗಿ ಉಳೀತು. ಮಾಂಟೆವಿಡಿಯೊದಲ್ಲಿ ಒಂದು ಹಡಗು ಕಂಪನಿಯ ಏಜೆಂಟರು ಪುಕ್ಕಟೆ ರಿಪೇರಿ ಮಾಡಿಸಿ, ಮೇಲೆ 20 ಪೌಂಡ್ ಕೊಟ್ಟು, ಕಬ್ಬಿಣದ ಡ್ರಮ್ಮಿನಲ್ಲಿ ಮಾಡಿದ ಒಂದು ಒಲೆಯನ್ನೂ ಕೊಟ್ಟರು.

ರಿಪೇರಿ ಅನ್ನೋದು ಫೇರ್‌ಹೇವನ್‌ನಲ್ಲೇ ಮುಗಿದ ಕೆಲಸ ಆಗಿರಲಿಲ್ಲ. ಬ್ಯೂನಸ್ ಐರಿಸ್‌ನಲ್ಲಿ ಹಾಯಿಕಂಬವನ್ನ ಕಿತ್ತು ಏಳು ಅಡಿ ಮೊಟಕು ಮಾಡಿದ. ಮೂತಿಯ ಮುಂದೆ ಚಾಚಿದ್ದ ಮರವನ್ನ ಐದು ಅಡಿ ಕಡಿದ. ದಕ್ಷಿಣದ ಬಿರುಗಾಳಿಗೆ ಉದ್ದ ಕಂಬ ಅಪಾಯ ಅನ್ನೋದು ಅಲ್ಲಿವರೆಗಿನ ಪ್ರಯಾಣದಲ್ಲಿ ಗೊತ್ತಾಗಿತ್ತು. ಮೆಗಲನ್ ಜಲಸಂಧಿಯಲ್ಲಿ, ದೋಣಿಯ ಹಿಂಬದಿಗೆ ಇನ್ನೊಂದು ಸಣ್ಣ ಕಂಬ ಕಟ್ಟಿ ಸಣ್ಣ ಹಾಯಿ ಏರಿಸಿದ. ಅದರಿಂದ ದೋಣಿಯ ತೂಕ ತಾಳ ಸರಿಹೋಯ್ತು.

ಆ ಜಲಸಂಧಿಯಲ್ಲಿ ಆತ ವಾರಗಟ್ಟಲೆ ಒದ್ದಾಡಿದ. ಒಮ್ಮೆ ಪೆಸಿಫಿಕ್ ತಲುಪಿಯೂ ಬಿರುಗಾಳಿ ಹಿಂದಕ್ಕೆ ಎಸೆದು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯ್ತು. ರಾತ್ರಿ ದೋಣಿಗೆ ನುಗ್ಗುವವರ ಭಯ ಬೇರೆ. ಪುಂಟಾ ಅರೇನಾಸ್‌ನಲ್ಲಿ ಒಬ್ಬ ಹಿತೈಷಿ ಕೊಟ್ಟಿದ್ದ ಒಂದು ಚೀಲ ಸಣ್ಣ ಮೊಳೆ ಆಗ ಕೆಲಸಕ್ಕೆ ಬಂತು. ಮಲಗುವ ಮುಂಚೆ ಅದನ್ನ ಹಲಗೆಯ ಮೇಲೆ ಮೊನೆ ಮೇಲಾಗಿ ಹರಡುತ್ತಿದ್ದ. ಒಂದು ರಾತ್ರಿ ಬರಿಗಾಲಲ್ಲಿ ಹತ್ತಿದವರು ಕಿರುಚಿಕೊಂಡು ನೀರಿಗೆ ಹಾರಿ ಓಡಿದರು.

ಚುಕ್ಕಾಣಿ ಹಿಡಿಯದೆ 2,700 ಮೈಲಿ

ಪೆಸಿಫಿಕ್‌ನಲ್ಲಿ ಹುವಾನ್ ಫೆರ್ನಾಂಡಿಸ್ ದ್ವೀಪ ಬಿಟ್ಟ ಮೇಲೆ 72 ದಿನ ಎಲ್ಲೂ ನಿಲ್ಲದೆ ಸಮೋವಾ ಮುಟ್ಟಿದ. ಅಲ್ಲಿ ಸಾಹಿತಿ ರಾಬರ್ಟ್ ಲೂಯಿ ಸ್ಟೀವನ್ಸನ್‌ನ ಪತ್ನಿ ಫ್ಯಾನಿ, ತೀರಿಕೊಂಡ ಗಂಡನ ಸಂಗ್ರಹದಲ್ಲಿದ್ದ ನೌಕಾ ಕೈಪಿಡಿಗಳನ್ನ ಆತನಿಗೆ ಕೊಟ್ಟಳು. ಸಿಡ್ನಿಯಲ್ಲಿ ಹೊಸ ಹಾಯಿಗಳ ಉಡುಗೊರೆ ಸಿಕ್ತು. ಮೆಲ್ಬರ್ನ್ ಬಂದರಿನಲ್ಲಿ ಸುಂಕ ಕಟ್ಟಿಸಿಕೊಂಡರು. ಸ್ಲೋಕಂ ಬಿಡ್ತಾನಾ? ದೋಣಿ ನೋಡೋಕೆ ಬಂದವರಿಂದ ಆರಾರು ಪೆನ್ಸ್ ವಸೂಲಿ ಮಾಡಿದ. ಆ ಗಿರಾಕಿ ಕಮ್ಮಿಯಾದಾಗ ಒಂದು ದೊಡ್ಡ ಶಾರ್ಕ್ ಹಿಡಿದು ಅದನ್ನ ತೋರಿಸೋಕೂ ಆರು ಪೆನ್ಸ್ ಇಟ್ಟ. ಟ್ಯಾಸ್ಮೇನಿಯಾದಲ್ಲಿ ದೋಣಿಯನ್ನ ದಡಕ್ಕೆ ಎಳೆಸಿ ತಳ ಪೂರ್ತಿ ಪರೀಕ್ಷೆ ಮಾಡಿಸಿದ. ಮರ ಕೊರೆಯುವ ಹುಳು ಒಂದೂ ಹತ್ತಿರಲಿಲ್ಲ.

ಆ ರಿಪೇರಿಯ ಬೆಲೆ ಏನು ಅನ್ನೋದು ತಿಳಿದಿದ್ದು ಹಿಂದೂ ಮಹಾಸಾಗರದಲ್ಲಿ. ಆಸ್ಟ್ರೇಲಿಯಾದ ಉತ್ತರದ ಥರ್ಸ್‌ಡೇ ದ್ವೀಪದಿಂದ ಕೀಲಿಂಗ್ ದ್ವೀಪಕ್ಕೆ 2,700 ಮೈಲಿ, 23 ದಿನ. ಅಷ್ಟೂ ದಿನದಲ್ಲಿ ಆತ ಚುಕ್ಕಾಣಿ ಹಿಡಿದದ್ದು ಎಲ್ಲಾ ಸೇರಿ ಮೂರು ಗಂಟೆಗಿಂತ ಹೆಚ್ಚಿಲ್ಲ. ಹಾಯಿ ಸರಿಮಾಡಿ, ಚುಕ್ಕಾಣಿಯನ್ನ ಹಗ್ಗದಲ್ಲಿ ಕಟ್ಟಿ, ಒಳಗೆ ಹೋಗಿ ಅಡುಗೆ ಮಾಡ್ತಿದ್ದ, ಪುಸ್ತಕ ಓದ್ತಿದ್ದ, ಮಲಗ್ತಿದ್ದ. ಯಂತ್ರ ಇಲ್ಲ, ಮಿಷಿನ್ ಇಲ್ಲ. ಉದ್ದ ಕೀಲ್, ಸರಿಯಾಗಿ ಹಂಚಿದ ಹಾಯಿಗಳು, ಅಷ್ಟೇ. ಬಹಳ ಜನ ಇದನ್ನ ನಂಬಲಿಲ್ಲ. ದೋಣಿಯ ಅಳತೆ ತಗೊಂಡು ಲೆಕ್ಕ ಹಾಕಿದ ತಜ್ಞರು ಮುಂದೆ ಅದರ ಸಮತೋಲ ನೋಡಿ ಬೆರಗಾದರು. ಕೀಲಿಂಗ್‌ನಲ್ಲಿ ದೋಣಿಯ ಮೂತಿ ಹವಳದ ದಿಬ್ಬಕ್ಕೆ ಬಡಿಯಿತು. ಹವಳ ಎರಡು ಹೋಳಾಯ್ತು, ಬಯಲು ಓಕ್‌ಗೆ ಗಾಯ ಆಗಲಿಲ್ಲ.

ಮಾರಿಷಸ್, ಡರ್ಬಾನ್, ಕೇಪ್ ಟೌನ್ ಮುಗಿಸಿ ಸೇಂಟ್ ಹೆಲೆನಾಗೆ ಬಂದಾಗ ಯಾರೋ ಜೊತೆಗಿರಲಿ ಅಂತ ಒಂದು ಆಡು ಕೊಟ್ಟರು. ಅದು ಹಗ್ಗ ತಿಂದು, ಹುಲ್ಲಿನ ಟೋಪಿ ತಿಂದು, ವೆಸ್ಟ್ ಇಂಡೀಸ್ ನಕ್ಷೆಯನ್ನೂ ತಿಂದು ಮುಗಿಸಿತು. ಮುಂದಿನ ದ್ವೀಪದಲ್ಲಿ ಅದನ್ನ ಇಳಿಸಿ ಕೈ ತೊಳೆದುಕೊಂಡ. 1898ರ ಜೂನ್ 27ರ ನಡುರಾತ್ರಿ ಕಳೆದ ಮೇಲೆ ಅಮೆರಿಕದ ನ್ಯೂಪೋರ್ಟ್‌ನಲ್ಲಿ ಲಂಗರು ಹಾಕಿದ. ಮೂರು ವರ್ಷ ಎರಡು ತಿಂಗಳಲ್ಲಿ 46,000 ಮೈಲಿ. ಅಲ್ಲಿಗೇ ನಿಲ್ಲಿಸಲಿಲ್ಲ. ಫೇರ್‌ಹೇವನ್‌ಗೆ ಹೋಗಿ, ಮೊದಲು ದೋಣಿಯನ್ನ ನೀರಿಗಿಳಿಸಿದ ದಿನ ಕಟ್ಟಿದ್ದ ಅದೇ ಗೂಟಕ್ಕೆ ಮತ್ತೆ ಕಟ್ಟಿದ.

ಕಡೆಯ ದಿನಗಳು

ಗಿಟ್ಟುತ್ತಾ ಅನ್ನೋ ಊರಿನವರ ಪ್ರಶ್ನೆಗೆ ಈಗ ಉತ್ತರ ಸಿಕ್ತು. ಆತ ಬರೆದ ಯಾತ್ರೆಯ ಕಥೆ ಮೊದಲು ಸೆಂಚುರಿ ಪತ್ರಿಕೆಯಲ್ಲಿ, 1900ರಲ್ಲಿ ಪುಸ್ತಕವಾಗಿ ಬಂತು. ಇವತ್ತಿಗೂ ಅದು ಅಚ್ಚಾಗ್ತಾ ಇದೆ. ಬಂದ ದುಡ್ಡಿನಲ್ಲಿ 1902ರಲ್ಲಿ ಮಾರ್ತಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಜಮೀನು ತಗೊಂಡ. ಜಗತ್ತು ಸುತ್ತಿದವನಿಗೆ ಮೊದಲ ಸಲ ಸ್ವಂತ ಮನೆ. ಆದರೆ ಕೃಷಿ ಕೈಹಿಡಿಯಲಿಲ್ಲ, ಮನೆಯಲ್ಲಿ ಕಾಲು ನಿಲ್ಲಲಿಲ್ಲ. ಚಳಿಗಾಲ ಬಂತು ಅಂದ್ರೆ ಸ್ಪ್ರೇ ಹತ್ತಿ ವೆಸ್ಟ್ ಇಂಡೀಸ್ ಕಡೆ ಹೋಗಿಬಿಡ್ತಿದ್ದ.

1906ರಲ್ಲಿ ನ್ಯೂಜೆರ್ಸಿಯಲ್ಲಿ ಒಬ್ಬ ಬಾಲಕಿಯ ಜೊತೆ ಅಸಭ್ಯವಾಗಿ ವರ್ತಿಸಿದ ಆರೋಪದಲ್ಲಿ ಬಂಧನ ಆಯ್ತು. ಕೋರ್ಟಿನಲ್ಲಿ ಆರೋಪವನ್ನ ಎದುರಿಸದೆ ಒಪ್ಪಿಸಿಕೊಂಡ, 42 ದಿನ ಜೈಲಿನಲ್ಲಿದ್ದು ಹೊರಬಂದ. ಆತನ ಬದುಕಿನ ಲೆಕ್ಕ ಬರೆಯುವಾಗ ಇದನ್ನೂ ಬರೆಯಲೇಬೇಕು.

ಆ ವರ್ಷಗಳಲ್ಲಿ ಸ್ಪ್ರೇಯನ್ನ ನೋಡಿದವರು ಬೇಜಾರು ಮಾಡಿಕೊಳ್ಳುತ್ತಿದ್ದರು. ಹಗ್ಗ ಸವೆದಿತ್ತು, ಬಣ್ಣ ಹೋಗಿತ್ತು, ಒಳಗೆ ಸಾಮಾನು ಅಸ್ತವ್ಯಸ್ತ. ಒಂದು ಕಾಲದಲ್ಲಿ ಸಾವಿರ ಬೋಲ್ಟು ಎಣಿಸಿ ಬಿಗಿದವನು ಈಗ ಸಡಿಲವಾದದ್ದನ್ನ ಹಾಗೇ ಬಿಡ್ತಿದ್ದ. ಮನುಷ್ಯನಿಗೂ ವಯಸ್ಸಾಗಿತ್ತು, ದೋಣಿಗೂ ವಯಸ್ಸಾಗಿತ್ತು. ಆ ದೋಣಿಯ ಕೀಲಿನ ಹೊರಗೆ ಕಬ್ಬಿಣ, ಸೀಸದ ಭಾರ ಇರ್ಲಿಲ್ಲ. ಅಗಲ ಜಾಸ್ತಿ ಇದ್ದದ್ದರಿಂದ ಸಾಮಾನ್ಯ ಗಾಳಿಗೆ ಗಟ್ಟಿಯಾಗಿ ನಿಲ್ಲುತ್ತೆ, ಆದರೆ ಒಂದು ಮಿತಿ ಮೀರಿ ವಾಲಿದರೆ ಮತ್ತೆ ಎದ್ದು ನಿಲ್ಲೋದು ಕಷ್ಟ ಅಂತ ತಜ್ಞರು ಆಮೇಲೆ ಹೇಳಿದರು.

1909ರ ನವೆಂಬರ್ 14ರಂದು, 65ನೇ ವಯಸ್ಸಿನಲ್ಲಿ, ದಕ್ಷಿಣ ಅಮೆರಿಕದ ಒರಿನೊಕೊ ನದಿಯ ಕಡೆ ಹೋಗೋ ಆಸೆ ಇಟ್ಟುಕೊಂಡು ಒಬ್ಬನೇ ಹೊರಟ. ಮತ್ತೆ ಬರಲಿಲ್ಲ. ಒಂದು ಹಲಗೆಯೂ ಸಿಗಲಿಲ್ಲ. ಮರುವರ್ಷ ಹೆಟ್ಟಿ ಗಂಡ ಸಮುದ್ರದಲ್ಲಿ ಹೋದ ಅಂತ ಪತ್ರಿಕೆಗಳಿಗೆ ತಿಳಿಸಿದಳು. ಕೋರ್ಟು 1924ರಲ್ಲಿ ಆತನನ್ನ ಮೃತ ಅಂತ ಘೋಷಿಸಿತು.

ಸ್ಲೋಕಂ ಕಟ್ಟಿದ ಅಳತೆ ಹಿಡಿದು ಸ್ಪ್ರೇಯ ಪ್ರತಿರೂಪಗಳನ್ನ ಜಗತ್ತಿನ ಹಲವು ಕಡೆ ಇವತ್ತೂ ಕಟ್ಟುತ್ತಾರೆ. ಹಳೇ ಉದ್ದ ಕೀಲಿನ ದೋಣಿ ಕೊಂಡು ರಿಪೇರಿಗೆ ಕೈ ಹಾಕುವವರು ಓದಬಹುದಾದ ಪುಸ್ತಕ ಆತನದ್ದು. ಎಲ್ಲರೂ ಸೌದೆ ಅಂದುಕೊಂಡಿದ್ದನ್ನ ಒಬ್ಬ ದಿವಾಳಿ ಎದ್ದ ಮನುಷ್ಯ ಮರ ಆರಿಸಿ, ಒಂದೊಂದೇ ಹಲಗೆ ಬದಲಿಸಿ 46,000 ಮೈಲಿ ಓಡಿಸಿದ. ಆ ಮೂರು ವರ್ಷವೂ ಬಂದರು ಬಂದರಿನಲ್ಲಿ ನಿಂತು ತಿದ್ದಿದ, ಕಡಿದ, ಬಣ್ಣ ಬಳಿದ. ಆ ಕೈ ಎಲ್ಲಿವರೆಗೆ ನಡೀತೋ ಅಲ್ಲಿವರೆಗೆ ದೋಣಿ ಒಂದು ಹನಿ ನೀರು ಒಳಗೆ ಬಿಡಲಿಲ್ಲ.